ಫೆಸೆಂಟ್ ಬೇಟೆತಾಣ

ಸಾಕಿ ಬೆಳೆಸಿದ ಫೆಸೆಂಟ್ ಹಕ್ಕಿಗಳನ್ನು ಬಯಲಿಗೆ ಬಿಟ್ಟು, ಶುಲ್ಕ ತೆತ್ತು ಬರುವವರಿಗೆ ಬೇಟೆಯ ಅವಕಾಶ ಕಲ್ಪಿಸುವ, ಪರವಾನಗಿ ಪಡೆದ ಜಮೀನು. ನವಿಲು, ಕಾಡುಕೋಳಿಗಳ ಕುಟುಂಬಕ್ಕೆ ಸೇರಿದ ಈ ಹಕ್ಕಿ ಏಷ್ಯ ಮೂಲದ್ದು. ಓವನ್ ಡೆನ್ನಿ ಎಂಬ ಅಮೆರಿಕದ ರಾಜತಂತ್ರಜ್ಞ 1880ರ ದಶಕದ ಆರಂಭದಲ್ಲಿ ಚೀನಾದಿಂದ ಕಳುಹಿಸಿದ ಹಕ್ಕಿಗಳು ಒರೆಗಾನ್ ರಾಜ್ಯದಲ್ಲಿ ನೆಲೆಯೂರಿದವು. 1919ರಲ್ಲಿ ಮೊದಲ ಬೇಟೆ ಋತುವನ್ನು ಕಂಡ ದಕ್ಷಿಣ ಡಕೋಟ, 1943ರಲ್ಲಿ ಇದನ್ನು ರಾಜ್ಯಪಕ್ಷಿಯಾಗಿ ಅಂಗೀಕರಿಸಿತು. ಇಂದು ಬೇಟೆತಾಣಗಳಿಗೂ ಅದೇ ರಾಜ್ಯ ಹೆಸರುವಾಸಿ.

ಕಾವುಪೆಟ್ಟಿಗೆಯಲ್ಲಿ ಸುಮಾರು 24 ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಗಳನ್ನು ಮೊದಲು ಬೆಚ್ಚನೆಯ ಕೋಣೆಯಲ್ಲಿಯೂ ಅನಂತರ ಹಾರಾಟ ಕಲಿಯಲೆಂದು ಬಲೆ ಹೊದಿಸಿದ ವಿಶಾಲ ಆವರಣದಲ್ಲಿಯೂ ಬೆಳೆಸಲಾಗುತ್ತದೆ. ಇಕ್ಕಟ್ಟಾದರೆ ಇವು ಪರಸ್ಪರ ಗರಿ ಕುಕ್ಕಿ ಕೀಳುವುದರಿಂದ, ಎದುರಿನ ನೋಟವನ್ನು ತಡೆಯುವ ಪುಟ್ಟ ಪ್ಲಾಸ್ಟಿಕ್ ಮರೆಯನ್ನು ಕೊಕ್ಕಿನ ಮೇಲೆ ತೊಡಿಸಿ, ಬಯಲಿಗೆ ಬಿಡುವ ಮುನ್ನ ಕಳಚುವುದುಂಟು. ಹಕ್ಕಿಗಳು ಅಡಗಲು ಜೋಳ, ಮುಸುಕಿನ ಜೋಳ, ಎತ್ತರದ ಹುಲ್ಲುಗಳನ್ನು ಪಟ್ಟಿಗಳಾಗಿ ಬೆಳೆಸುತ್ತಾರೆ. ಅವುಗಳನ್ನು ಎಬ್ಬಿಸಲು ತರಬೇತಾದ ನಾಯಿಗಳಿರುತ್ತವೆ. ತಾಣದ ಕೀರ್ತಿ ನಿಲ್ಲುವುದು ಹಕ್ಕಿಗಳ ಸಂಖ್ಯೆಗಿಂತ ಅವುಗಳ ಹಾರಾಟದ ಬಿರುಸಿನ ಮೇಲೆ. ಸಾರ್ವಜನಿಕ ಋತುವಿಗಿಂತ ಇಲ್ಲಿನ ಬೇಟೆಯ ಅವಧಿ ದೀರ್ಘ. ಬೇಟೆಗೆ ಸಿಗದೆ ಉಳಿದ ಸಾಕುಹಕ್ಕಿಗಳಲ್ಲಿ ಬಹುಪಾಲು ನರಿ, ಗಿಡುಗಗಳ ಪಾಲಾಗುವುದರಿಂದ ಪ್ರತಿವರ್ಷ ಹೊಸದಾಗಿ ಬಿಡಲೇಬೇಕಾಗುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಫೆಸೆಂಟ್ ಬೇಟೆಯನ್ನು ನಿಷೇಧಿಸಿದೆ.