ಹಿಂಬಾಗಿಲ ಗಾಜು ಅರ್ಧಕ್ಕೇ ನಿಲ್ಲುವುದೇಕೆ?

ಹೆಬ್ಬಗೋಡಿ: ಪಾಳಿ ಬದಲಾಗುವ ಹೊತ್ತಿಗೆ ಹೊಸೂರು ರಸ್ತೆಯಲ್ಲಿ ವಾಹನಗಳದ್ದು ಆಮೆಯ ನಡಿಗೆ. ಕ್ಯಾಬಿನ ಹಿಂದಿನ ಆಸನದಲ್ಲಿ ಕುಳಿತವರು ಒಂದಿಷ್ಟು ಗಾಳಿಗೆಂದು ಕಿಟಕಿಯ ಗುಂಡಿ ಒತ್ತಿದರೆ, ಗಾಜು ಅರ್ಧಕ್ಕೋ ಮುಕ್ಕಾಲಿಗೋ ಇಳಿದು ನಿಂತುಬಿಡುತ್ತದೆ. ಮತ್ತೆ ಒತ್ತಿದರೂ ಕದಲದು. ಮುಂದಿನ ಬಾಗಿಲ ಗಾಜಾದರೋ ಪೂರ್ತಿ ಒಳಗಿಳಿದು ಮಾಯವಾಗುತ್ತದೆ. ಗಾಡಿ ಕೆಟ್ಟಿದೆಯೆಂದು ಕೆಲವರು, ಚಾಲಕ ಬೇಕೆಂದೇ ಲಾಕ್ ಮಾಡಿದ್ದಾನೆಂದು ಮತ್ತೆ ಕೆಲವರು, ಮಕ್ಕಳು ಹೊರಗೆ ಬೀಳದಿರಲೆಂದು ಕಂಪನಿಯೇ ಹೀಗೆ ಮಾಡಿದೆಯೆಂದು ಇನ್ನು ಕೆಲವರು ಹೇಳುವುದುಂಟು. ಬಹುತೇಕ ಸಂದರ್ಭಗಳಲ್ಲಿ ಈ ಮೂರೂ ಕಾರಣಗಳಲ್ಲ. ನಿಜವಾದ ಕಾರಣ ಇರುವುದು ಗಾಜಿನ ಕೆಳಗೆ, ಹಿಂದಿನ ಚಕ್ರದ ಬಳಿ.

ಚಕ್ರ ಕಬಳಿಸಿದ ಜಾಗ

ಕಾರಿನ ಬಾಗಿಲು ಒಂದು ಟೊಳ್ಳು ಪೆಟ್ಟಿಗೆ. ಹೊರಗಿನ ತಗಡು ಮತ್ತು ಒಳಗಿನ ತಗಡಿನ ನಡುವಿನ ಕಿರಿದಾದ ಸಂದಿಯಲ್ಲಿ ಗಾಜು ಇಳಿಯಬೇಕು. ಗಾಜು ಸೆರಗಿನಂತೆ ಮುದುಡುವುದಿಲ್ಲ, ಚಾಪೆಯಂತೆ ಸುರುಳಿಯಾಗುವುದೂ ಇಲ್ಲ. ಎಷ್ಟು ಅಗಲವಿದೆಯೋ ಅಷ್ಟೇ ಅಗಲದ ಜಾಗ ಕೆಳಗೂ ಇದ್ದರೆ ಮಾತ್ರ ಅದು ಪೂರ್ತಿ ಒಳಸೇರೀತು.

ನಿಂತಿರುವ ಯಾವುದಾದರೂ ಸಣ್ಣ ಕಾರನ್ನು ಪಕ್ಕದಿಂದ ನೋಡಿದರೆ ವಿಷಯ ತಿಳಿಯುತ್ತದೆ. ಮುಂದಿನ ಬಾಗಿಲು ಹೆಚ್ಚುಕಡಿಮೆ ಚೌಕಾಕಾರ, ಏಕೆಂದರೆ ಮುಂದಿನ ಚಕ್ರ ಬಾಗಿಲಿಗಿಂತ ಸಾಕಷ್ಟು ಮುಂದಿರುತ್ತದೆ. ಹಿಂದಿನ ಬಾಗಿಲಿನ ಸ್ಥಿತಿ ಬೇರೆ. ಅದರ ಕೆಳಭಾಗದ ಹಿಂಬದಿಯ ಮೂಲೆಯನ್ನು ಯಾರೋ ಕಚ್ಚಿ ತಿಂದಂತೆ ಚಕ್ರದ ಕಮಾನು ಒಳನುಗ್ಗಿರುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು. ನೇರವಾಗಿ ಇಳಿದು ಬರುವ ಗಾಜಿನ ಹಿಂಬದಿಯ ಮೂಲೆ ಈ ಕಮಾನನ್ನು ಸಮೀಪಿಸುವ ಹಂತದಲ್ಲಿ ಅದನ್ನು ತಡೆಯದೆ ಗತ್ಯಂತರವಿಲ್ಲ. ಕಾರು ಗಿಡ್ಡವಾದಷ್ಟೂ ಹಿಂದಿನ ಆಸನ ಚಕ್ರಕ್ಕೆ ಹತ್ತಿರವಾಗುತ್ತದೆ, ಗಾಜು ಇಳಿಯುವ ಅಳತೆಯೂ ಕಡಿಮೆಯಾಗುತ್ತದೆ. ಇದರ ಜೊತೆಗೆ ಬಾಗಿಲಿನೊಳಗೆ ಚಿಲಕದ ಯಂತ್ರ, ಸ್ಪೀಕರ್, ಪಕ್ಕದಿಂದ ಬರುವ ಡಿಕ್ಕಿಯನ್ನು ತಡೆಯುವ ಉಕ್ಕಿನ ತೊಲೆ ಇವಕ್ಕೂ ಸ್ಥಳ ಬೇಕು.

ಇದಕ್ಕೆ ವಿನ್ಯಾಸಕಾರರು ಕಂಡುಕೊಂಡ ಉಪಾಯವೆಂದರೆ ಹಿಂಬಾಗಿಲ ತುದಿಯಲ್ಲಿ ಕಾಣುವ ಪುಟ್ಟ ತ್ರಿಕೋನ ಗಾಜು. ಅಂದಕ್ಕಾಗಿ ಇಟ್ಟದ್ದೆಂದು ಅನೇಕರು ಭಾವಿಸಿರುವ ಈ ತುಂಡು ಕದಲುವುದಿಲ್ಲ. ನಡುವೆ ಒಂದು ಕಂಬಿ ನಿಲ್ಲಿಸಿ, ಅಗಲವಾದ ಗಾಜನ್ನು ಎರಡು ಭಾಗ ಮಾಡಿ, ಕಿರಿದಾದ ಮುಂಭಾಗವನ್ನಷ್ಟೇ ಇಳಿಸುವ ವ್ಯವಸ್ಥೆ ಅದು. ಕಂಬಿ ಎಷ್ಟು ಮುಂದಕ್ಕೆ ಬರುತ್ತದೆಯೋ ಗಾಜು ಅಷ್ಟು ಕೆಳಗೆ ಇಳಿಯುತ್ತದೆ, ತೆರೆಯುವ ಕಿಟಕಿ ಅಷ್ಟು ಕಿರಿದಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು.

ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಸರಕು ಹೊರುವ ಪಿಕಪ್‌ಗಳಲ್ಲಿ ಹೆಚ್ಚಿನವಕ್ಕೆ ಹಿಂಬಾಗಿಲೇ ಇಲ್ಲವಾದ್ದರಿಂದ ಈ ಪ್ರಶ್ನೆ ಹುಟ್ಟುವುದಿಲ್ಲ. ಎರಡು ಸಾಲು ಆಸನಗಳಿರುವ ಬೊಲೆರೊ ಕ್ಯಾಂಪರ್, ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಡಬಲ್ ಕ್ಯಾಬಿನ್ ವಾಹನಗಳಲ್ಲಿ ಚಕ್ರ ಸರಕಿನ ತೊಟ್ಟಿಯ ಅಡಿಗೆ ಸರಿದಿರುತ್ತದೆ, ಹೀಗಾಗಿ ಕಾರಿನಷ್ಟು ತೊಂದರೆಯಿಲ್ಲ. ಆದರೂ ಇಂಥ ವಾಹನಗಳಲ್ಲಿ ತೊಟ್ಟಿಗೆ ಉದ್ದ ಉಳಿಸಲೆಂದು ಕ್ಯಾಬಿನ್ನನ್ನು ಮೊಟಕುಗೊಳಿಸುವುದುಂಟು. ಹಿಂಬಾಗಿಲು ಗಿಡ್ಡವಾಗಿ, ಅದರ ಕೆಳಮೂಲೆ ಓರೆಯಾಗಿರುವ ಮಾದರಿಗಳಲ್ಲಿ ಗಾಜು ಅಲ್ಲಿಯೂ ತುಸು ಮೇಲೆಯೇ ನಿಲ್ಲುತ್ತದೆ. ಸಿಬ್ಬಂದಿಯನ್ನು ಕರೆದೊಯ್ಯುವ ಟಿಟಿಗಳಲ್ಲಿ ಗಾಜು ಅಡ್ಡಕ್ಕೆ ಸರಿಯುವುದರಿಂದ ಈ ಗೋಜಲೇ ಇಲ್ಲ.

ಅರ್ಧ ಇಳಿಯುವ ಗಾಜಿಗೇ ಗೊಣಗುವವರು ಅಮೆರಿಕದ ಒಂದು ಪ್ರಸಂಗವನ್ನು ತಿಳಿದರೆ ಸಮಾಧಾನ ಪಟ್ಟುಕೊಳ್ಳಬಹುದು. ಜನರಲ್ ಮೋಟಾರ್ಸ್ 1978ರಲ್ಲಿ ತನ್ನ ಮಧ್ಯಮ ಗಾತ್ರದ ನಾಲ್ಕು ಬಾಗಿಲಿನ ಕಾರುಗಳನ್ನು ಹೊಸದಾಗಿ ರೂಪಿಸಿದಾಗ ಹಿಂಬಾಗಿಲ ದೊಡ್ಡ ಗಾಜು ಒಂದಿಂಚೂ ಇಳಿಯದಂತೆ ಕೂರಿಸಿಬಿಟ್ಟಿತು. ಗಾಜಿಗೆ ಮೀಸಲಾಗಿದ್ದ ಸಂದಿ ಮೊಣಕೈ ಇಡುವ ಜಾಗಕ್ಕೆ ದೊರೆಯಿತು, ತೂಕವೂ ಉಳಿಯಿತು. ಹವಾನಿಯಂತ್ರಣವಿಲ್ಲದ ಕಾರು ಕೊಂಡವರು ಬೇಸಿಗೆಯಲ್ಲಿ ಬೆಂದರು.

ಮಕ್ಕಳಿಗಾಗಿ ಅಲ್ಲ

ಮಕ್ಕಳ ರಕ್ಷಣೆಗಾಗಿ ಗಾಜನ್ನು ಅರ್ಧಕ್ಕೆ ನಿಲ್ಲಿಸಲಾಗಿದೆ ಎಂಬ ನಂಬಿಕೆ ಬಲವಾಗಿದೆ. ಅದೇ ಉದ್ದೇಶವಾಗಿದ್ದರೆ, ಹಿಂಬಾಗಿಲಲ್ಲಿ ಸ್ಥಳಾವಕಾಶವಿರುವ ದೊಡ್ಡ ವಾಹನಗಳಲ್ಲಿ ಗಾಜು ಪೂರ್ತಿ ಇಳಿಯುವುದೇಕೆ? ಮಗು ಹೊರಗೆ ವಾಲುವ ಅಪಾಯ ತುಸು ತಗ್ಗುವುದು ನಿಜ. ಆದರೆ ಅದು ಜಾಗದ ಕೊರತೆಯಿಂದ ತಾನಾಗಿ ಬಂದ ಲಾಭ. ಇದನ್ನೇ ನೆಚ್ಚಿ ಮಗುವನ್ನು ಕಿಟಕಿಯ ಬಳಿ ಅದರ ಪಾಡಿಗೆ ಬಿಡುವುದು ಸರಿಯಲ್ಲ. ಮೇಲೇರುವ ಗಾಜಿಗೆ ಕೈಯೋ ಕತ್ತೋ ಸಿಲುಕುವ ಅಪಾಯ ಗಾಜು ಎಲ್ಲಿ ನಿಂತಿದ್ದರೂ ಇದ್ದೇ ಇರುತ್ತದೆ. ಅದಕ್ಕೆಂದೇ ಚಾಲಕನ ಬಾಗಿಲಲ್ಲಿ ಹಿಂದಿನ ಕಿಟಕಿಗಳನ್ನು ನಿಷ್ಕ್ರಿಯಗೊಳಿಸುವ ಗುಂಡಿಯಿರುತ್ತದೆ.

ಚೈಲ್ಡ್ ಲಾಕ್ ಎಂಬುದು ಬೇರೆಯೇ ಸಂಗತಿ. ಅದಕ್ಕೂ ಗಾಜಿಗೂ ಸಂಬಂಧವಿಲ್ಲ. ಹಿಂಬಾಗಿಲನ್ನು ಒಳಗಿನಿಂದ ತೆರೆಯದಂತೆ ತಡೆಯುವ ಸಣ್ಣ ಸನ್ನೆ ಅದು. ಪ್ರಯಾಣಿಕರನ್ನು, ಮುಖ್ಯವಾಗಿ ಮಹಿಳೆಯರನ್ನು ಕೂಡಿಹಾಕಲು ಬಳಕೆಯಾಗಬಹುದೆಂಬ ಆತಂಕದಿಂದ, 2019ರ ಜುಲೈ 1ರಿಂದ ತಯಾರಾಗುವ ಟ್ಯಾಕ್ಸಿಗಳಲ್ಲಿ ಅದು ಇರಕೂಡದೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಹೆಬ್ಬಗೋಡಿಗೆ ಬಂದಿತಾದರೂ ನಡುರಾತ್ರಿಯ ಪಾಳಿಯವರಿಗೆ ಕ್ಯಾಬೇ ಗತಿ. ಗಾಜು ಅರ್ಧಕ್ಕೆ ನಿಂತಿತೆಂದು ಚಾಲಕನನ್ನು ಶಂಕಿಸಬೇಕಿಲ್ಲ. ಒಳಗಿನ ಹಿಡಿ ಎಳೆದಾಗ ಬಾಗಿಲು ತೆರೆಯುತ್ತದೆಯೇ ಎಂಬುದನ್ನು ಹೊರಡುವ ಮುನ್ನವೇ ನೋಡಿಕೊಳ್ಳುವುದು ಒಳ್ಳೆಯದು.

ಕಿಟಕಿ ಎಷ್ಟು ತೆರೆಯುತ್ತದೆ ಎಂಬುದು ಕೆಲವೊಮ್ಮೆ ಪ್ರಾಣದ ಪ್ರಶ್ನೆಯೂ ಹೌದು. 2023ರ ಮೇ 21ರಂದು ಸುರಿದ ಮಳೆಗೆ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರೊಂದು ಮುಳುಗಿ ಐಟಿ ಉದ್ಯೋಗಿಯಾಗಿದ್ದ ಯುವತಿ ಮೃತಪಟ್ಟರು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದು ಬಲುಕಷ್ಟ. ವಿದ್ಯುತ್ ಕೈಕೊಡುವ ಮೊದಲೇ, ನೀರು ಗಾಜಿನ ಮಟ್ಟಕ್ಕೆ ಬರುವ ಮುನ್ನವೇ ಬೆಲ್ಟ್ ಬಿಚ್ಚಿ ಗಾಜು ಇಳಿಸಿ ಹೊರಬರಬೇಕು. ಹಿಂದಿನ ಗಾಜು ಅರ್ಧಕ್ಕೆ ನಿಲ್ಲುವ ಕಾರಾದರೆ ಮುಂದಿನ ಕಿಟಕಿಯತ್ತ ಸರಿಯುವುದು ಲೇಸು. ಗಾಜು ಇಳಿಯದೇ ಹೋದರೆ ಪಕ್ಕದ ಗಾಜಿನ ಮೂಲೆಗೆ ಚೂಪು ಮೊನೆಯ ಸುತ್ತಿಗೆಯಿಂದ ಹೊಡೆಯಬೇಕು. ಹದಗೊಳಿಸಿದ ಗಾಜು ಕಾಳುಕಾಳಾಗಿ ಉದುರುತ್ತದೆ. ಎದುರಿನ ಗಾಜು ಪದರಗಳಿಂದಾದದ್ದು, ಅದನ್ನು ಒಡೆಯಲು ಹೋಗಿ ಸಮಯ ಕಳೆಯಬಾರದು.

ಗ್ಯಾರೇಜಿಗೆ ಹೋಗುವ ಮುನ್ನ

ಎರಡೂ ಬದಿಯ ಹಿಂದಿನ ಗಾಜುಗಳು ಒಂದೇ ಮಟ್ಟದಲ್ಲಿ ನಿಲ್ಲುತ್ತಿದ್ದರೆ ಅದು ವಿನ್ಯಾಸ, ದುರಸ್ತಿಯ ಅಗತ್ಯವಿಲ್ಲ. ಒಂದು ಬದಿಯದು ಇನ್ನೊಂದಕ್ಕಿಂತ ಮೇಲೆಯೇ ನಿಂತರೆ, ವಾಲಿಕೊಂಡು ಇಳಿದರೆ, ಕರಕರ ಸದ್ದು ಮಾಡಿದರೆ ದೋಷವಿದೆಯೆಂದೇ ಅರ್ಥ. ರಬ್ಬರ್ ಚಾನೆಲ್‌ನಲ್ಲಿ ತುಂಬಿದ ಧೂಳು, ಒಣಗಿದ ರಬ್ಬರ್ ಅಥವಾ ಗಾಜನ್ನು ಎತ್ತಿಳಿಸುವ ರೆಗ್ಯುಲೇಟರಿನ ಸವೆದ ಕೇಬಲ್ ಸಾಮಾನ್ಯ ಕಾರಣಗಳು. ಇನ್ನಷ್ಟು ಕೆಳಗಿಳಿಸಿ ಕೊಡುತ್ತೇವೆಂದು ಒಳಗಿನ ತಡೆಯನ್ನು ಕಿತ್ತುಹಾಕುವವರ ಮಾತಿಗೆ ಮರುಳಾಗಬಾರದು. ತಡೆಯಿಲ್ಲದ ಗಾಜು ತಗಡಿಗೆ ಬಡಿದು ಒಡೆಯಬಹುದು. ಗಾಜನ್ನೇ ಕತ್ತರಿಸಿ ಕಿರಿದು ಮಾಡಿಸೋಣವೆಂದರೆ ಅದೂ ಸಾಧ್ಯವಿಲ್ಲ. ಹದಗೊಳಿಸಿದ ಗಾಜಿಗೆ ಕತ್ತರಿ ತಾಗಿಸಿದೊಡನೆ ಅದು ಪೂರ್ತಿ ಪುಡಿಯಾಗುತ್ತದೆ.