ಕೊಲಾಬಾದ ಸರದಿಯಿಂದ ಕ್ಲೌಡ್ ಬಾಡಿಗೆಗೆ
ಔಷಧ ಹೋಗಿ ಕೂರುವ ಪ್ರೋಟೀನ್ ಸದಾ ಮಿಸುಕಾಡುತ್ತಿರುತ್ತದೆ. ಆ ಮಿಸುಕಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನಕ್ಕೆ ತಳಪಾಯ ಹಾಕಿದವರಲ್ಲಿ ಹೈದರಾಬಾದಿನ ಅನೀಸುರ್ ರಹಮಾನ್ ಒಬ್ಬರು. 1964ರಲ್ಲಿ ಅವರು ಅಮೆರಿಕದಲ್ಲಿ, ಸಿಡಿಸಿ 3600 ಯಂತ್ರದ ಮೇಲೆ, ದ್ರವ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕಿದರು.

ಅದೇ ವರ್ಷ ಅದೇ ಮಾದರಿಯ ಯಂತ್ರ ಮುಂಬೈಯ ಕೊಲಾಬಾಕ್ಕೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂತು. ದೇಶದ ಹಲವು ಸಂಸ್ಥೆಗಳು ಅದೊಂದನ್ನೇ ಹಂಚಿಕೊಂಡವು. ಲೆಕ್ಕ ಕೊಟ್ಟು ಸರದಿಗೆ ಕಾಯಬೇಕಿತ್ತು.

1977ರಲ್ಲಿ ಪ್ರೋಟೀನೊಂದರ ಚಲನೆಯ ಮೊದಲ ಲೆಕ್ಕ ಪ್ರಕಟವಾಯಿತು. ಅದು ಹಿಡಿದದ್ದು ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಮಾತ್ರ. ಔಷಧದ ಕೆಲಸಕ್ಕೆ ಇದರ ಸಾವಿರಾರು ಪಟ್ಟು ಬೇಕು.

2016ರಲ್ಲಿ ಅಮೆಜಾನ್ ಮುಂಬೈಯಲ್ಲಿ ಕ್ಲೌಡ್ ಸೇವೆ ಆರಂಭಿಸಿತು. ಈಗ ಸಣ್ಣ ಪ್ರಯೋಗಾಲಯವೂ ಗಂಟೆಯ ಲೆಕ್ಕದಲ್ಲಿ ಯಂತ್ರವನ್ನು ಬಾಡಿಗೆಗೆ ಪಡೆಯಬಹುದು. ಸರದಿ ತಪ್ಪಿತು, ಬಾಡಿಗೆ ಕಟ್ಟಲಾಗದ ಬಡವರ ಕಾಯಿಲೆಗಳ ಲೆಕ್ಕ ಮಾತ್ರ ಇನ್ನೂ ಕಾಯುತ್ತಿದೆ.