ಅಂಚೆಯ ಮನೆಯ ಮಕ್ಕಳು

ಮನೆಯಲ್ಲಿ ಸಾವು ಸಂಭವಿಸಿದಾಗ ಹಿರಿಯರು ಮಕ್ಕಳನ್ನು ನೆರೆಮನೆಗೆ ಕಳುಹಿಸುವರು. ಹೋದವರು ಪರವೂರಿಗೆ ಹೋಗಿರುವರೆಂದು ಹೇಳಿ ಸಮಾಧಾನಪಡಿಸುವರು. ಇದು ಪ್ರೀತಿಯಿಂದ ಹುಟ್ಟಿದ ಮರೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಳುಹಿಸಲು ನೆರೆಮನೆಯೂ ಹೇಳಲು ಪರವೂರೂ ಇಲ್ಲದೆಡೆಯಲ್ಲಿ, ಸುಮಾರು ಇನ್ನೂರು ಮಂದಿ ಅನಾಥ ಮಕ್ಕಳ ಮುಂದೆ ಸಾವಿನ ಮಾತನ್ನೆತ್ತಬೇಕಾಗಿ ಬಂದ ವೈದ್ಯರೊಬ್ಬರ ವೃತ್ತಾಂತವು ಚರಿತ್ರೆಯಲ್ಲಿ ಉಳಿದುಬಂದಿದೆ.

ಯಾನುಷ್ ಕೊರ್ಚಾಕ್ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಇವರು ಪೋಲೆಂಡ್ ದೇಶದ ಯೆಹೂದ್ಯರು. 1912ರಿಂದ ವಾರ್ಸಾ ನಗರದಲ್ಲಿ ಅನಾಥಾಲಯವನ್ನು ನಡೆಸುತ್ತಿದ್ದರು. ಅಲ್ಲಿ ಮಕ್ಕಳ ತಪ್ಪುಗಳನ್ನು ಮಕ್ಕಳ ನ್ಯಾಯಸಭೆಯೇ ವಿಚಾರಿಸುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರಚಿಸಿದ ಗ್ರಂಥದಲ್ಲಿ ಅವರು ಮಗುವಿನ ಹಕ್ಕುಗಳನ್ನೆಣಿಸುತ್ತ, ತನ್ನ ಮರಣದ ಹಕ್ಕನ್ನೂ ಅವುಗಳಲ್ಲಿ ಸೇರಿಸಿದರು. ಮಗು ಎಲ್ಲಿ ಸತ್ತೀತೋ ಎಂಬ ಭಯದಿಂದ ಹಿರಿಯರು ಅದನ್ನು ಬದುಕಗೊಡುವುದಿಲ್ಲವೆಂಬುದು ಅದರ ತಾತ್ಪರ್ಯ.

1940ರ ನವಂಬರಿನಲ್ಲಿ ಜರ್ಮನರು ವಾರ್ಸಾದ ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದರು. ಮೂರೂವರೆ ಚದರ ಕಿಲೋಮೀಟರಿಗಿಂತಲೂ ಕಡಿಮೆಯಾದ ಸ್ಥಳದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಜನರು ಹಸಿವು ಜ್ವರಗಳಿಂದ ನರಳಿದರು. ಅನಾಥಾಲಯವೂ ಆ ಗೋಡೆಯೊಳಗೆ ಸೇರಿತು. ಬೀದಿಯಲ್ಲಿ ಬಿದ್ದ ಹೆಣಗಳನ್ನು ಮಕ್ಕಳು ದಿನವೂ ಕಾಣುತ್ತಿದ್ದರು. ಅವರಿಂದ ಸಾವನ್ನು ಮರೆಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ.

ಆಗ ಕೊರ್ಚಾಕರು ಆರಿಸಿಕೊಂಡದ್ದು ರವೀಂದ್ರನಾಥ ಠಾಕೂರರ 'ಡಾಕ್‌ಘರ್', ಎಂದರೆ ಅಂಚೆಯ ಮನೆ. 1902ರಲ್ಲಿ ಪತ್ನಿಯನ್ನೂ 1903ರಲ್ಲಿ ಮಗಳೊಬ್ಬಳನ್ನೂ 1907ರಲ್ಲಿ ಕಿರಿಯ ಮಗನನ್ನೂ ಕಳೆದುಕೊಂಡ ಕವಿಯು 1911ರಲ್ಲಿ ಬರೆದ ನಾಟಕವದು. ಅಮಲನೆಂಬ ರೋಗಿಬಾಲಕನನ್ನು ವೈದ್ಯನ ಅಪ್ಪಣೆಯಂತೆ ಮನೆಯೊಳಗೆ ಕೂಡಿಟ್ಟಿರುವರು. ಅವನು ಕಿಟಕಿಯ ಬಳಿ ಕುಳಿತು, ಮೊಸರು ಮಾರುವವನೊಡನೆಯೂ ಕಾವಲುಗಾರನೊಡನೆಯೂ ಮಾತನಾಡುತ್ತ, ಅರಸನಿಂದ ಬರಲಿರುವ ಓಲೆಗಾಗಿ ಕಾದಿರುವನು. ಕಡೆಗೆ ಬಂದ ರಾಜವೈದ್ಯನು ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿಸುವನು. ನಕ್ಷತ್ರಗಳ ಬೆಳಕಿನಲ್ಲಿ ಬಾಲಕನು ನಿದ್ರಿಸುವನು. ಹೂ ತಂದ ಸುಧೆಯೆಂಬ ಬಾಲಿಕೆಯು, ತಾನು ಅವನನ್ನು ಮರೆತಿಲ್ಲವೆಂದು ತಿಳಿಸಲು ಹೇಳುವಳು.

1942ನೆಯ ಜುಲೈ 18ರಂದು ಮಕ್ಕಳೇ ಈ ನಾಟಕವನ್ನಾಡಿದರು. ಇದನ್ನೇ ಏಕೆ ಆರಿಸಿದಿರೆಂದು ಕೇಳಿದವರಿಗೆ, ಮೃತ್ಯುವನ್ನು ಶಾಂತಿಯಿಂದ ಬರಮಾಡಿಕೊಳ್ಳುವುದನ್ನು ಕಲಿಯಬೇಕಷ್ಟೆ ಎಂಬರ್ಥದ ಉತ್ತರವನ್ನು ಕೊರ್ಚಾಕರು ಕೊಟ್ಟರೆಂದು ಹೇಳುತ್ತಾರೆ. ನಾಲ್ಕು ದಿನಗಳ ತರುವಾಯ, ಜುಲೈ 22ರಂದು, ಜನರನ್ನು ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಸಾಗಿಸುವ ಕಾರ್ಯವು ಮೊದಲಾಯಿತು. ಆಗಸ್ಟ್ ಮೊದಲ ವಾರದಲ್ಲಿ ಮಕ್ಕಳ ಸರದಿ ಬಂದಿತು. ತಮ್ಮೊಬ್ಬರ ಪ್ರಾಣವನ್ನುಳಿಸಿಕೊಳ್ಳುವ ಅವಕಾಶಗಳನ್ನು ಕೊರ್ಚಾಕರು ಬೇಡವೆಂದರು. ಅವರೂ, ಮೂವತ್ತು ವರ್ಷಗಳ ಸಹೋದ್ಯೋಗಿ ಸ್ತೆಫಾನಿಯಾ ವಿಲ್ಚಿನ್ಸ್ಕಾ ಅವರೂ, ಮಕ್ಕಳ ಸಂಗಡ ನಡೆದು ರೈಲನ್ನೇರಿದರು. ಯಾರೊಬ್ಬರೂ ಹಿಂದಿರುಗಲಿಲ್ಲ.

ಆ ನಾಟಕವು ಒಂದು ಜೀವವನ್ನೂ ಉಳಿಸಲಿಲ್ಲ. ಘೋರ ಪಾತಕವನ್ನು ಶಾಂತವಾದ ಮರಣವೆಂದು ಕರೆಯುವುದೂ ಸಲ್ಲದು. ಮಕ್ಕಳು ಅದರಿಂದ ಏನನ್ನು ಗ್ರಹಿಸಿದರೋ ಅವರೊಡನೆಯೇ ಹೋಯಿತು. ಆದರೂ ಭಯದೊಡನೆ ಅವರನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಕಥೆಯ ಮೂಲಕ ಸಾವಿನ ಮಾತನ್ನಾಡಿದ ಹಿರಿಯರು ಕಡೆಯವರೆಗೆ ಮಕ್ಕಳ ಕೈ ಬಿಡಲಿಲ್ಲ. ದುಃಖದ ಮನೆಯಲ್ಲಿ ಮಗುವು ಹಿರಿಯರಿಂದ ಬೇಡುವುದೂ ಇವೆರಡನ್ನೇ: ನಿಜವಾದ ಮಾತು, ಬಿಡದ ಕೈ.